ಎಡಗಾಲಿನ ಮಣೆ

ಶಿವನು ಗಿಡಮರಗಳನ್ನು ಮಾಡುವಾಗ ಅಳತೆಯ ದಾರ ಹಿಡಿಯಲಿಲ್ಲ, ಅದಕ್ಕೇ ಒಂದು ಕೊಂಬೆಯ ಹಾಗೆ ಇನ್ನೊಂದಿಲ್ಲ. ಮನುಷ್ಯರ ಕಾಲು ಮಾಡುವ ಹೊತ್ತಿಗೆ ಪಾರ್ವತಿ ಬಂದು ಕೈಗೆ ದಾರ ಕೊಟ್ಟಳು. ಆದರೂ ಹಳೇ ಅಭ್ಯಾಸ ನೋಡಿ, ಆಗೊಮ್ಮೆ ಈಗೊಮ್ಮೆ ಅವನ ಕೈ ತಪ್ಪುತ್ತದೆ. ಕಂಬದಹುಂಡಿಯ ಸಿದ್ದಮಲ್ಲಮ್ಮ ತನ್ನ ಮೊಮ್ಮಗಳ ಕಾಲಿನ ಬಗ್ಗೆ ಕೇಳಿದವರಿಗೆಲ್ಲ ಹೇಳುತ್ತಿದ್ದ ಕಥೆ ಇದು. ಕೇಳಿದವರು ನಗುತ್ತಿದ್ದರು, ಮಗುವೂ ನಗುತ್ತಿತ್ತು. ಅಜ್ಜಿಗೆ ಬೇಕಾಗಿದ್ದದ್ದು ಅಷ್ಟೇ.

ಮೊಮ್ಮಗಳ ಹೆಸರು ದಾಕ್ಷಾಯಿಣಿ, ಊರಿಗೆಲ್ಲ ದಾಕ್ಷಿ. ಹುಟ್ಟಿನಿಂದಲೇ ಅವಳ ಎಡಗಾಲು ಬಲಗಾಲಿಗಿಂತ ತುಸು ಗಿಡ್ಡ. ಎಳೆಯವಳಿದ್ದಾಗ ಅದು ನಿಂತರೆ ಕೊಂಚ ವಾಲುವಷ್ಟು ಮಾತ್ರ. ಮೈ ನೆರೆಯುವ ವಯಸ್ಸು ಬಂದಾಗ ಬಲಗಾಲು ಸರಸರನೆ ಬೆಳೆಯಿತು, ಎಡಗಾಲು ನಿಧಾನವಾಗಿ ಹಿಂದುಳಿಯಿತು. ಸೊಂಟ ಎಡಕ್ಕೆ ಜಾರಿತು. ತಳ ಓರೆಯಾದರೂ ತಲೆ ಓರೆಯಾಗಬಾರದಲ್ಲ, ಅದಕ್ಕಾಗಿ ಬೆನ್ನುಮೂಳೆ ಒಂದು ಕಡೆ ಬಾಗಿ, ಮೇಲೆ ಹೋಗಿ ಮತ್ತೊಂದು ಕಡೆ ತಿರುಗಿ, ಹೇಗೋ ಅವಳ ಮುಖವನ್ನು ನೇರವಾಗಿ ಹಿಡಿದಿತ್ತು.

ಅವಳ ಅಪ್ಪ ಮರಿಬಸಪ್ಪ ನಂದಿಕಂಬ ಹೊರುವವನು. ಹಿತ್ತಾಳೆ ಕಳಶ, ಗಗ್ಗರ, ಬಟ್ಟೆಯ ಬಾವುಟಗಳಿಂದ ಸಿಂಗರಿಸಿದ, ಮನೆಯ ಮಾಳಿಗೆಯನ್ನೂ ಮೀರುವ ಬಿದಿರಿನ ಕಂಬ ಅದು. ಸೊಂಟಕ್ಕೆ ಬಿಗಿದ ದಟ್ಟಿಯ ಚೀಲದಲ್ಲಿ ಅದರ ಬುಡ ಊರಿ, ಬೆನ್ನು ನೆಟ್ಟಗಿಟ್ಟುಕೊಂಡು ಕುಣಿಯಬೇಕು. ಅದನ್ನು ಹೊರುವುದು ಬಿಟ್ಟರೆ ದಾಕ್ಷಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಅಂಗಳ ಗುಡಿಸುವ ಕಡ್ಡಿಪೊರಕೆಯನ್ನೇ ಸೊಂಟಕ್ಕೆ ಊರಿ ಕುಣಿದು ಅಜ್ಜಿಯಿಂದ ಬೈಸಿಕೊಂಡವಳು. "ಹೆಣ್ಣು ಗಂಡು ಅಂತ ನನ್ ತಕರಾರಿಲ್ಲ ಕಣವ್ವ," ಅನ್ನುತ್ತಿದ್ದ ಅಪ್ಪ. "ಕಂಬ ಕೇಳಾದು ಒಂದೇ, ಸೊಂಟ ಸಮ ಅದಾ ಅಂತ." ಹೇಳಿದ ಮೇಲೆ ಅವನೇ ಮುಖ ಆಚೆ ತಿರುಗಿಸುತ್ತಿದ್ದ.

ಮೈಸೂರಿನ ಮೂಳೆ ಆಸ್ಪತ್ರೆಯಲ್ಲಿ ಡಾಕ್ಟರ್ ಪೊನ್ನಮ್ಮ ದಾಕ್ಷಿಯನ್ನು ಬರಿಗಾಲಲ್ಲಿ ನಿಲ್ಲಿಸಿದರು. "ಮುಂದಕ್ಕೆ ಬಗ್ಗು ಮಗಳೇ. ಕೈ ಎರಡೂ ಜೋತು ಬಿಡು." ಬಗ್ಗಿದಾಗ ಬೆನ್ನಿನ ಎಡ ಪಕ್ಕ ಉಬ್ಬಿ ನಿಂತಿತು, ಬಲ ಪಕ್ಕ ತಗ್ಗಿತು. ಡಾಕ್ಟರು ಅದನ್ನು ಅಂಗೈಯಿಂದ ಸವರಿ ಮರಿಬಸಪ್ಪನಿಗೂ ತೋರಿಸಿದರು.

"ಇವಳ ಬೆನ್ನು ಕೆಟ್ಟಿಲ್ಲ. ಕಾಲಿಗೆ ಹೊಂದಿಕೊಂಡು ಹೋಗ್ತಿದೆ, ಅಷ್ಟೆ. ಬೆಳೆಯೋ ವಯಸ್ಸು ಮುಗಿಯೋದರೊಳಗೆ ಕಾಲು ಸರಿಹೋದರೆ ಬೆನ್ನು ತಾನಾಗಿ ಹಿಂದಕ್ಕೆ ಬರುತ್ತೆ. ಆ ವಯಸ್ಸು ದಾಟಿದ ಮೇಲೆ ಬಾಗಿದ್ದು ಬಾಗಿದ ಹಾಗೇ ಉಳಿಯುತ್ತೆ."

"ಸರಿಹೋದ್ರೆ ನಂದಿಕಂಬ ಹೊರಬೌದಾ?" ಬಗ್ಗಿಕೊಂಡೇ ಕೇಳಿದಳು ದಾಕ್ಷಿ.

"ಮೊದಲು ಎದ್ದು ನಿಲ್ಲಮ್ಮ. ಆಮೇಲೆ ಏನು ಬೇಕಾದರೂ ಹೊರು."

ಅದು ಬೆಳೆಗೋಲು ಬಂದ ಕಾಲ. ಅದಕ್ಕೂ ಮೊದಲು ಕಾಲು ಉದ್ದ ಮಾಡುವ ಸರಳುಗಳಿರಲಿಲ್ಲ ಎಂದಲ್ಲ. ಮೂಳೆಯನ್ನು ಒಂದು ಕಡೆ ಅಡ್ಡ ಕತ್ತರಿಸಿ, ಒಳಗೆ ಸರಳು ಕೂರಿಸಿ, ದಿನಾ ಇಷ್ಟಿಷ್ಟು ಎಂದು ಹೊರಗಿನಿಂದ ಹಿಗ್ಗಿಸುತ್ತಿದ್ದರು. ಆ ಸಂದಿಯಲ್ಲಿ ಎಳೆಮೂಳೆ ಹುಟ್ಟಿ ತುಂಬಿಕೊಳ್ಳುತ್ತಿತ್ತು. ಆದರೆ ಹೊರಗಿನವರ ಲೆಕ್ಕವನ್ನು ಒಳಗಿನ ನರ, ಸ್ನಾಯು ಒಪ್ಪಬೇಕಲ್ಲ! ಕೆಲವು ಮಕ್ಕಳಿಗೆ ನೋವಾಗುತ್ತಿತ್ತು, ಕೆಲವರಿಗೆ ಕಾಲು ಬೇಕಾದದ್ದಕ್ಕಿಂತ ಉದ್ದವಾಗುತ್ತಿತ್ತು. ಲೆಕ್ಕವನ್ನು ಮೈಗೇ ಬಿಟ್ಟುಬಿಟ್ಟರೆ? ಈ ಒಂದು ಪ್ರಶ್ನೆಯಿಂದ ಹುಟ್ಟಿದ್ದು ಬೆಳೆಗೋಲು, ಮೂಳೆಯೊಳಗೆ ಕೂತು ತಾನೇ ಉದ್ದವಾಗುವ ಸರಳು. ಸೊಂಟದ ಎರಡೂ ಕೀಲುಗಳ ಹತ್ತಿರ ಎಳ್ಳುಕಾಳಿನಷ್ಟು ಸಣ್ಣ ಸೆನ್ಸರ್ ಇರುತ್ತಿದ್ದವು. ಮಗು ನಿಂತಾಗ ಸೊಂಟ ಓರೆಯಾಗಿದ್ದರೆ ಕೋಲು ಒಂದೊಂದು ಸಲಕ್ಕೆ ಕೂದಲೆಳೆಗಿಂತ ಕಡಿಮೆ ಬೆಳೆಯುವುದು, ಸಮವಾಗಿದ್ದರೆ ಸುಮ್ಮನಿರುವುದು. ನಡೆಯುವಾಗ ಮೈ ಹೇಗೂ ಓಲಾಡುತ್ತದೆ ಎಂದು ನಿಂತಾಗಿನ ಮಾತನ್ನು ಮಾತ್ರ ನಂಬುವ ಹಾಗೆ ಅದನ್ನು ಮಾಡಿದ್ದರು. ಹೊರಗಿನಿಂದ ಅದಕ್ಕೆ ಅಪ್ಪಣೆ ಕೊಡಲು ಬರುತ್ತಿರಲಿಲ್ಲ. ಡಾಕ್ಟರುಗಳ ಅವಸರ ಅದರ ಕಿವಿಗೆ ಬೀಳಬಾರದೆಂದು ಬೇಕೆಂದೇ ಆ ಬಾಗಿಲು ಮುಚ್ಚಿದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಆಸ್ಪತ್ರೆಯಲ್ಲಿದ್ದಷ್ಟು ಕಾಲ ಕೋಲು ಸೊಗಸಾಗಿ ಬೆಳೆಯಿತು. ಮನೆಗೆ ಕಳಿಸುವಾಗ ಪೊನ್ನಮ್ಮ ಮರಿಬಸಪ್ಪನಿಗೆ ಒತ್ತಿ ಹೇಳಿದರು: "ಎಡಗಾಲಿಗೆ ದಪ್ಪ ಅಟ್ಟೆಯ ಚಪ್ಪಲಿ ಹಾಕ್ತಿದ್ದಳಲ್ಲ, ಅದು ಇನ್ನು ಬೇಡ."

"ಹಾಕ್ಸಲ್ಲ ಮೇಡಮ್ಮೋರೆ. ಅಟ್ಟದ ಮ್ಯಾಲೆ ಕಟ್ಟಾಕ್ತೀನಿ."

ಹೇಳಿದ ಹಾಗೇ ಕಟ್ಟಿ ಹಾಕಿದ.

ಆಸ್ಪತ್ರೆಯ ಮೇಲಿನ ಅಂತಸ್ತಿನಲ್ಲಿ ನಿಗಾ ಕೋಣೆ. ಅದರ ಒಂದು ಗೋಡೆಯ ತುಂಬ ಮಕ್ಕಳ ಗೆರೆಗಳು. ಯಾವ ಊರಲ್ಲಿ ಯಾವ ಮಗುವಿನ ಕೋಲು ಎಷ್ಟು ಬೆಳೆಯಿತು ಎಂಬುದನ್ನು ಆ ಗೆರೆಗಳು ಏರುತ್ತ ಹೇಳುತ್ತಿದ್ದವು. ಅವುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಇಲಿಯಾಸ್ ಮಕ್ಕಳನ್ನೆಲ್ಲ ಊರಿನ ಹೆಸರಿನಿಂದಲೇ ಕರೆಯುತ್ತಿದ್ದ.

"ಮೇಡಂ, ಕಂಬದಹುಂಡಿ ಮಲಗಿಬಿಟ್ಟಿದೆ."

ಪೊನ್ನಮ್ಮ ಬಂದು ನೋಡಿದರು. ದಾಕ್ಷಿ ಮನೆಗೆ ಹೋದ ದಿನದಿಂದ ಗೆರೆ ನೆಲ ಹಿಡಿದಿತ್ತು. "ನಿಂತಾಗ ಸೊಂಟ ಹೇಗಿದೆ?"

"ಸಮ. ಅಕ್ಕಸಾಲಿಗನ ತಕ್ಕಡಿ ಇದ್ದ ಹಾಗೆ ಸಮ. ನನ್ನ ಸೊಂಟವೂ ಅಷ್ಟು ಸಮ ಇಲ್ಲ."

ವಾಪಸು ಕರೆಸಿ ಎಕ್ಸ್-ರೇ ತೆಗೆದರು. ಎಡಗಾಲು ಇನ್ನೂ ಒಂದು ಬೆರಳಿನಷ್ಟು ಗಿಡ್ಡವೇ. ವಾರ್ಡಿನಲ್ಲಿ ಇರಿಸಿಕೊಂಡರೆ ಮರುದಿನವೇ ಗೆರೆ ಏರಿತು. ಊರಿಗೆ ಕಳಿಸಿದರೆ ಮಲಗಿತು. ಸೆನ್ಸರ್ ಪರೀಕ್ಷಿಸಿದರು, ಸರಿಯಿತ್ತು. ಊರಿನ ಸಿಗ್ನಲ್ ಪರೀಕ್ಷಿಸಿದರು, ಅದೂ ಸರಿಯಿತ್ತು. ಮರಿಬಸಪ್ಪನಿಗೆ ಫೋನು ಮಾಡಿದರೆ, "ದೇವ್ರಾಣೆಗೂ ಚಪ್ಲಿ ಮುಟ್ಟಿಲ್ಲ," ಎಂದು ಅವನು ಅಳುವ ಹಾಗಾದ.

"ನನ್ನ ಕೇಳಿದರೆ ಆ ಊರಿನ ಗಾಳೀಲೇ ಏನೋ ಇದೆ," ಅಂದ ಇಲಿಯಾಸ್.

"ಗಾಳಿಯಿಂದ ಕಾಲು ಉದ್ದ ಆಗೋದಾದರೆ ನಾವಿಬ್ಬರೂ ಅಂಗಡಿ ಮುಚ್ಚಬೇಕಾಗುತ್ತೆ. ತಮಾಷೆ ಬಿಡು ಇಲಿಯಾಸ್. ಕೋಲು ಇನ್ನೂ ಹೀಗೇ ನಿಂತರೆ ಸಂದಿಯಲ್ಲಿರೋ ಎಳೆಮೂಳೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತೆ. ಆಮೇಲೆ ಕೋಲು ಎಷ್ಟು ತಳ್ಳಿದರೂ ಪ್ರಯೋಜನ ಇಲ್ಲ. ಬೆನ್ನು ಹಾಗೇ ಉಳಿದುಹೋಗುತ್ತೆ." ಅವರು ಗೋಡೆಯ ಮೇಲಿನ ಆ ಮಲಗಿದ ಗೆರೆಯನ್ನೇ ನೋಡಿದರು. "ವ್ಯಾನ್ ತೆಗೆಸು. ಆ ಊರನ್ನೇ ಒಮ್ಮೆ ನೋಡಿ ಬರೋಣ."

ಕಂಬದಹುಂಡಿಯಲ್ಲಿ ಅವರಿಗೆ ಸಿಕ್ಕ ಉಪಚಾರವನ್ನು ಏನೆಂದು ಹೇಳುವುದು. ಸಿದ್ದಮಲ್ಲಮ್ಮ ಜಗಲಿಯ ಮೇಲೆ ಚಾಪೆ ಹಾಸಿ, ಬೆಲ್ಲದ ಪಾನಕ ಕೊಟ್ಟು, ಡಾಕ್ಟರಿಗೆ ಮದುವೆ ಆಗಿದೆಯೇ, ಇಲಿಯಾಸನಿಗೆ ಎಷ್ಟು ಮಕ್ಕಳು, ಎಲ್ಲ ವಿಚಾರಿಸಿಕೊಂಡಳು. ಪಕ್ಕದ ಮನೆಯ ಚೆನ್ನಾಜಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತ ತನ್ನ ಮಂಡಿನೋವಿನ ಪುರಾಣ ತೆಗೆದಳು. ಅಷ್ಟರಲ್ಲಿ ಶಾಲೆಯಿಂದ ದಾಕ್ಷಿ ಬಂದಳು. ಡಾಕ್ಟರನ್ನು ಕಂಡು ಹಿಗ್ಗಿ, ಎದುರಿಗೆ ನಿಂತು ಕೈ ಮುಗಿದಳು.

ಚೆನ್ನಾಜಮ್ಮ ಮಾತು ನಿಲ್ಲಿಸಲಿಲ್ಲ, ಕಾಯಿ ಸುಲಿಯುವುದನ್ನೂ ನಿಲ್ಲಿಸಲಿಲ್ಲ. ಬಲಗಾಲನ್ನು ಮಾತ್ರ ಜಗಲಿಯ ಕೆಳಕ್ಕೆ ಚಾಚಿ, ಅಲ್ಲಿದ್ದ ಒಂದು ಸಣ್ಣ ಮಣೆಯನ್ನು ಸರ್ರನೆ ತಳ್ಳಿದಳು. ದಾಕ್ಷಿ ಕೆಳಗೆ ನೋಡದೆಯೇ ಎಡಗಾಲನ್ನು ಅದರ ಮೇಲಿಟ್ಟಳು. "...ಮೆಟ್ಲು ಹತ್ತಕ್ಕಾಗಲ್ಲ ಕಣ್ರವ್ವ, ಇಳಿಯಕ್ಕೂ ಆಗಲ್ಲ," ಎಂದು ಚೆನ್ನಾಜಮ್ಮ ಮುಗಿಸಿದಳು.

ಪೊನ್ನಮ್ಮ ಲೋಟ ಕೆಳಗಿಟ್ಟರು. ಇಲಿಯಾಸನ ಮುಖ ನೋಡಿದರು. "ಬಾ ಮಗಳೇ, ನಿಮ್ಮ ಊರು ತೋರಿಸು," ಅಂದರು.

ನಲ್ಲಿಯ ಹತ್ತಿರ ದಾಕ್ಷಿ ನಿಲ್ಲುವ ಜಾಗದಲ್ಲಿ ಚಪ್ಪಟೆ ಕಲ್ಲು. ಟೀ ಅಂಗಡಿಯ ಗುರುಸ್ವಾಮಿ, ಟೀ ಎತ್ತಿ ಹೊಯ್ಯುತ್ತಲೇ, ಹಿಮ್ಮಡಿಯಿಂದ ಒಂದು ಇಟ್ಟಿಗೆ ಒದ್ದು ಅವಳ ಕಾಲಡಿಗೆ ಕಳಿಸಿದ. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲುವಲ್ಲಿ ಮಡಿಸಿದ ಗೋಣಿಚೀಲ. ಬಸವೇಶ್ವರನ ಗುಡಿಯಲ್ಲಿ ನಂದಿಯ ಎದುರು ಒಂದು ಪುಟ್ಟ ಮಣೆ. ಅದಕ್ಕೆ ವಿಭೂತಿಯ ಮೂರೆಳೆ, ಮೇಲೊಂದು ಕಣಗಿಲೆ ಹೂವು. ಅಲ್ಲಿಗೆ ಬರುವ ಹೊತ್ತಿಗೆ ಡಾಕ್ಟರಿಗೆ ತಡೆಯಲಾಗಲಿಲ್ಲ. ಗುಡಿಯ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಿಂದೆಯೇ ಬಂದಿದ್ದ ಅಜ್ಜಿ, ಮರಿಬಸಪ್ಪ, ಊರಿನವರು, ಏನಾಯಿತೋ ಎಂದು ತಾವೂ ಸ್ವಲ್ಪ ನಕ್ಕರು.

"ಅಜ್ಜಿ, ಇದೇನು?"

"ಯಾವುದವ್ವ?"

"ಈ ಮಣೆ. ಇಲ್ಲಿ ಯಾಕಿದೆ?"

"ಕೂಸಿನ ಕಾಲ್ಗೆ," ಅಂದಳು ಸಿದ್ದಮಲ್ಲಮ್ಮ, ಬಾವಿಯಲ್ಲಿ ನೀರು ಯಾಕಿದೆ ಎಂದು ಯಾರೋ ಕೇಳಿದರೆ ಹೇಳುವ ಹಾಗೆ.

"ಎತ್ತರದ ಚಪ್ಪಲಿ ಬೇಡ ಅಂದಿದ್ದೆನಲ್ಲ ಮರಿಬಸಪ್ಪ?"

"ಹಾಕ್ಸಿಲ್ಲವಲ್ಲ ಮೇಡಮ್ಮೋರೆ." ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಮಣೆ ಚಪ್ಲಿ ಅಲ್ವಲ್ಲ. ಅದು ಮನೆಗೆ ಬಂದೋರ್ಗೆ ನೀರು ಕೊಟ್ಟಂಗೆ."

ದಾಕ್ಷಿ ಮೊದಲ ಸಲ ಎದ್ದು ನಿಂತು ಎಡಕ್ಕೆ ವಾಲಿದಾಗ ಅಜ್ಜಿ ತಾನು ಪೂಜೆಗೆ ಕೂರುವ ಮಣೆಯನ್ನೇ ಅವಳ ಕಾಲಡಿಗೆ ಕೊಟ್ಟಿದ್ದಳು. ಅದನ್ನು ಕಂಡು ಅಕ್ಕಪಕ್ಕದವರು ಒಂದೊಂದು ಇಟ್ಟರು. ಯಾರೂ ಯಾರಿಗೂ ಹೇಳಿದ್ದಲ್ಲ. ಮಗು ಬೆಳೆದ ಹಾಗೆ ಮಣೆಗಳೂ ದಪ್ಪವಾದವು. ಕುಂಟು ಎಂಬ ಮಾತು ಆ ಊರಿನ ಬಾಯಲ್ಲಿ ಅವಳ ಬಗ್ಗೆ ಒಮ್ಮೆಯೂ ಬಂದಿರಲಿಲ್ಲ. ಅವಳು ವಾಲಿ ನಿಂತದ್ದನ್ನು ನೋಡುವ ಸಂದರ್ಭವನ್ನೇ ಅವರು ಬರಗೊಟ್ಟಿರಲಿಲ್ಲ.

ಪೊನ್ನಮ್ಮ ಅಜ್ಜಿಯ ಕೈ ಹಿಡಿದುಕೊಂಡರು. "ಕೋಲಿಗೆ ಕಣ್ಣಿಲ್ಲ ಅಜ್ಜಿ. ಸೊಂಟ ಸಮ ಇದೆಯಾ ಇಲ್ಲವಾ, ಅಷ್ಟೇ ಅದಕ್ಕೆ ಗೊತ್ತಾಗೋದು. ನೀವು ಮಣೆ ಕೊಟ್ಟ ತಕ್ಷಣ, ನನ್ನ ಕೆಲಸ ಮುಗೀತು ಅಂದುಕೊಂಡು ಮಲಗಿಬಿಡುತ್ತೆ."

"ಪಾಪ, ಒಳ್ಳೇದು ಕಣವ್ವ ಅದು. ಯೋಳಿದ್ದ ನಂಬ್ತದೆ," ಅಂದಳು ಅಜ್ಜಿ. ಆಮೇಲೆ ಆ ಮಾತು ಅವಳಿಗೇ ನಿಧಾನವಾಗಿ ಒಳಗಿಳಿಯಿತು. "ಅಂದ್ರೆ ಕೂಸಿನ ಕಾಲ್ಗೆ ನಾವೇ ಅಡ್ಡ ನಿಂತಿದ್ವಾ?"

ಡಾಕ್ಟರು, ಎಳೆಮೂಳೆ ಗಟ್ಟಿಯಾಗುವ ಮೊದಲು ಕೋಲು ಎಚ್ಚರವಾಗಬೇಕು ಎಂದು ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದರು. ಕೂರಲಿ, ಮಲಗಲಿ, ನಡೆಯಲಿ. ಆದರೆ ನಿಂತಾಗ ಎರಡೂ ಪಾದ ಬರೀ ನೆಲದ ಮೇಲಿರಬೇಕು.

ಅಂದು ಸಂಜೆಯೇ ಮಣೆಗಳೆಲ್ಲ ಹೊಂಗೆಮರದ ಕೆಳಗೆ ಬಂದು ಬಿದ್ದವು. ಮಣೆ, ಹಲಗೆ, ಇಟ್ಟಿಗೆ, ಒಡೆದ ಒರಳಿನ ಚೂರು, ಯಾರೋ ತಂದ ಹಳೇ ನಿಘಂಟು. "ಇಷ್ಟೊಂದು ಇದ್ವಾ ನಮ್ಮೂರಲ್ಲಿ?" ಅಂದ ಗುರುಸ್ವಾಮಿ. "ಒಂದು ಮದ್ವೆ ಪಂಕ್ತಿ ಕೂರಿಸ್ಬೌದು!"

"ಕೂರ್ಸು, ಊಟ ನೀನು ಹಾಕು," ಅಂದಳು ಚೆನ್ನಾಜಮ್ಮ.

ಮಣೆಗಳನ್ನು ತೆಗೆದದ್ದು ಸುಲಭ. ಕಾಲುಗಳಿಗೆ ಬುದ್ಧಿ ಹೇಳುವುದು ಕಷ್ಟವಾಯಿತು. ದಾಕ್ಷಿ ಬಂದು ನಿಂತರೆ ಸಾಕು, ಎಲ್ಲರ ಕಾಲೂ ತಾವಾಗಿ ಏನನ್ನೋ ಹುಡುಕುತ್ತಿದ್ದವು. ಇಟ್ಟಿಗೆ ಇಲ್ಲದ ಜಾಗಕ್ಕೆ ಒದ್ದು ಗುರುಸ್ವಾಮಿ ಅಂಗಡಿಯ ಕಂಬಕ್ಕೆ ಹಿಮ್ಮಡಿ ಬಡಿದುಕೊಂಡ. ಚೆನ್ನಾಜಮ್ಮ ಒಮ್ಮೆ ಅವರೆಕಾಯಿಯ ಮೊರವನ್ನೇ ತಳ್ಳಿಬಿಟ್ಟಳು. ಶಾಲೆಯ ಮಕ್ಕಳಿಗೆ ಇದೊಂದು ಆಟ, ಯಾರ ಕಾಲು ಅಲುಗಿದರೂ "ಮಣೆ! ಮಣೆ!" ಎಂದು ಕೂಗಿ ಹಿಡಿದುಕೊಡುತ್ತಿದ್ದರು. ಬಸ್ಸಿನ ಕಂಡಕ್ಟರ್ ಕೂಡ ಸಿಕ್ಕಿಬಿದ್ದ. ಹಿಡಿಸಿಕೊಂಡವರು ಗುಡಿಗೆ ಒಂದು ಹಿಡಿ ಎಣ್ಣೆಬತ್ತಿ ಕೊಡಬೇಕೆಂದು ಊರೇ ಕಟ್ಟು ಮಾಡಿಕೊಂಡಿತು. ಬಸವೇಶ್ವರನ ಗುಡಿಯಲ್ಲಿ ಅಷ್ಟು ದೀಪ ಹಿಂದೆಂದೂ ಉರಿದಿರಲಿಲ್ಲ.

ನಗುವಿನ ಒಳಗೆ ದಾಕ್ಷಿಯೊಬ್ಬಳು ನಗುತ್ತಿರಲಿಲ್ಲ. ಊರವರ ಎದುರು ಎಡಕ್ಕೆ ವಾಲಿ ನಿಲ್ಲುವುದು ಎಂದರೇನೆಂದು ಅವಳಿಗೂ ಈಗಲೇ ಗೊತ್ತಾದದ್ದು. ಸಂಜೆಯಾದರೆ ನಡು ಹಿಡಿದುಕೊಳ್ಳುತ್ತಿತ್ತು. ಒಂದು ದಿನ ಶಾಲೆಯಿಂದ ಬಂದವಳೇ ಚೀಲ ಎಸೆದಳು.

"ಯಾರೂ ನನ್ನ ಮಖ ನೋಡಲ್ಲ ಅಜ್ಜಿ. ಎಲ್ರೂ ಕಾಲ್ನೇ ನೋಡ್ತಾರೆ." ಅಜ್ಜಿ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. "ವಸಿ ಹೊತ್ತು ಮಣೆ ಕೊಡಜ್ಜಿ. ಒಂದೇ ಒಂದು ಸಲ. ಯಾರೂ ಇಲ್ಲ ಈಗ."

ಸಿದ್ದಮಲ್ಲಮ್ಮನ ಪೂಜೆಯ ಮಣೆ ದೇವರ ಗೂಡಿನ ಕೆಳಗೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳ ಕೈ ಮುಂದಕ್ಕೆ ಹೋಯಿತು. ಮಣೆಯ ಅಂಚನ್ನು ಮುಟ್ಟಿತು ಕೂಡ. ಆಮೇಲೆ ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ತಾನೇ ಕೂತುಬಿಟ್ಟಳು.

"ನಿಂತ್ಕೋಬ್ಯಾಡ. ಬಾ, ನನ್ ಪಕ್ಕ ಕೂತ್ಕೊ. ಕೂರಾಕೆ ಯಾರಪ್ಪನ ಅಪ್ಪಣೆ ಬೇಕು?"

ದಾಕ್ಷಿ ಬಂದು ಕೂತಳು. ಅಜ್ಜಿ ಕೈ ತೆಗೆಯಲಿಲ್ಲ.

"ಯಾಕಜ್ಜಿ ಹಿಂಗೆ ಕೂತಿದೀಯ?"

"ಕೈ ನನ್ ಮಾತು ಕೇಳ್ತಿಲ್ಲ ಕಣವ್ವ, ಅದ್ಕೆ." ಅಜ್ಜಿಯ ಕಣ್ಣು ದೇವರ ಗೂಡಿನ ಮೇಲಿತ್ತು. "ನಾನು ದಿನಾ ಅವನ್ನ ಕೇಳ್ತಿದ್ದೆ, ಯಾಕಪ್ಪ ಸುಮ್ಕೆ ನೋಡ್ಕಂಡು ಕೂತಿದೀಯ, ಒಂದ್ ಕೈ ಕೊಡಬಾರ್ದಾ ಅಂತ. ಅವನೂ ಹಿಂಗೇ ಕೂತಿರ್ತಾನೋ ಏನೋ, ಕೈ ಮ್ಯಾಲೆ ಕೂತ್ಕಂಡು. ಎಷ್ಟು ಕಷ್ಟ ಅಂತ ಈಗ ಗೊತ್ತಾಯ್ತು. ಇನ್ಮ್ಯಾಲೆ ಬೈಯಲ್ಲ."

ದಾಕ್ಷಿಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು. ದೇವರು ಕೈಮೇಲೆ ಕೂತ ಚಿತ್ರ ಕಣ್ಣಿಗೆ ಕಟ್ಟಿತು. ನಕ್ಕಳು. ಅಜ್ಜಿಯೂ ನಕ್ಕಳು. ಇಬ್ಬರೂ ಹಾಗೇ ಕೂತಿದ್ದರು, ಮರಿಬಸಪ್ಪ ಹೊಲದಿಂದ ಬಂದು, "ಏನು, ಅಜ್ಜಿ ಮೊಮ್ಮಗಳಿಗೆ ಮುದ್ದೆಗೆ ಹಿಟ್ಟು ತೊಳಸಾ ಯೋಚ್ನೆ ಇಲ್ವಾ?" ಎಂದು ಕೇಳುವವರೆಗೆ.

ಮೈಸೂರಿನ ನಿಗಾ ಕೋಣೆಯಲ್ಲಿ ಬೆಳಗಿನ ಕಾಫಿ ಹಿಡಿದು ಬಂದ ಇಲಿಯಾಸ್ ಗೋಡೆಯ ಎದುರು ಲೋಟ ಹಿಡಿದೇ ನಿಂತ. "ಮೇಡಂ, ಬನ್ನಿ, ಬನ್ನಿ! ಕಂಬದಹುಂಡಿ ಎದ್ದಿದೆ." ನೆಲ ಹಿಡಿದಿದ್ದ ಗೆರೆ ಎಳೆಹುಲ್ಲಿನ ಹಾಗೆ ತಲೆಯೆತ್ತಿತ್ತು. ಪೊನ್ನಮ್ಮ ಬಂದು ಗೆರೆ ನೋಡಿದರು. ಅವನ ಕೈಯಿಂದ ಕಾಫಿ ತೆಗೆದುಕೊಂಡು ತಾವೇ ಕುಡಿದರು.

ಅಲ್ಲಿಂದ ಮುಂದೆ ಗೆರೆ ಏರುತ್ತಲೇ ಹೋಯಿತು. ದಾಕ್ಷಿ ತಪಾಸಣೆಗೆ ಬಂದಾಗಲೆಲ್ಲ ಎಳೆಮೂಳೆ ಮೋಡದ ಹಾಗೆ ಸಂದಿಯಲ್ಲಿ ತುಂಬಿಕೊಳ್ಳುತ್ತಿದ್ದದ್ದು ಎಕ್ಸ್-ರೇಯಲ್ಲಿ ಕಾಣುತ್ತಿತ್ತು. ಬಗ್ಗಿಸಿ ನೋಡಿದರೆ ಬೆನ್ನಿನ ಉಬ್ಬು ಪ್ರತಿ ಸಲವೂ ಇಳಿದಿರುತ್ತಿತ್ತು. ಊರಿನ ಕಾಲುಗಳೂ ಅಷ್ಟರಲ್ಲಿ ಸುಮ್ಮನಿರಲು ಕಲಿತಿದ್ದವು.

ಒಂದು ಮಧ್ಯಾಹ್ನ ಗೆರೆ ಇದ್ದಕ್ಕಿದ್ದಂತೆ ನಿಂತಿತು.

"ಇದೇನು ಮೇಡಂ, ನಮ್ಮ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಬಾಕಿ ಇತ್ತಲ್ಲ? ಸೊಂಟ ಸಮ ಅಂತಿದೆ. ಮತ್ತೆ ಯಾರೋ ಮಣೆ ಇಟ್ಟಿದ್ದಾರೆ!" ಇಲಿಯಾಸನಿಗೆ ಕೋಪ ನೆತ್ತಿಗೇರಿತು. ಮರಿಬಸಪ್ಪನಿಗೆ ಫೋನು ಹಚ್ಚಿದ. "ಈಗ ನಿಮ್ಮ ಮಗಳು ನಿಂತಿದ್ದಾಳಾ?"

"ಅವ್ಳೆ ಸಾರ್, ಅಂಗಳದಲ್ಲಿ. ಬಟ್ಟೆ ಒಣಗಾಕ್ತಾವ್ಳೆ."

"ಅವಳ ಕಾಲಡಿ ಮಣೆ ಇಟ್ಟದ್ದು ಯಾರು? ಇಷ್ಟು ದಿನ ಪಟ್ಟ ಕಷ್ಟ ಎಲ್ಲ ನೀರಲ್ಲಿ ಹೋಮ ಆಗುತ್ತೆ. ಯಾರು ಅಂತ ಕೇಳಿ!"

ಮರಿಬಸಪ್ಪ ಫೋನನ್ನು ಜಗಲಿಯ ಮೇಲಿಟ್ಟು ಕೂಗು ಹಾಕಿದ. ಅಂಗಳದ ತುಂಬ ಜನ ಸೇರಿದರು.

"ಯಾರವ್ವ ಇಟ್ಟೋರು?"

"ನಾನಲ್ಲಪ್ಪ! ನಾನು ಎಣ್ಣೆಬತ್ತಿ ಕೊಟ್ಟೂ ಕೊಟ್ಟೂ ಸಾಕಾಗಿ ಹೋಗಿವ್ನಿ," ಅಂದ ಗುರುಸ್ವಾಮಿ.

"ಸಿದ್ದಮಲ್ಲಕ್ಕನ್ನ ಕೇಳು. ಕರುಳು ಅವಳದು," ಅಂದಳು ಚೆನ್ನಾಜಮ್ಮ.

"ನಿನ್ ಮೊರ ಎಲ್ಲದೆ, ಅದ ಮೊದ್ಲು ತೋರ್ಸು!" ಅಂದಳು ಅಜ್ಜಿ.

ದಾಕ್ಷಿ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು, ಗಾಬರಿಯಿಂದ ಅಲ್ಲೇ ನಿಂತಿದ್ದಳು. ಮರಿಬಸಪ್ಪ ಅವಳ ಎದುರು ಮಂಡಿಯೂರಿ, ಲಂಗದ ಅಂಚು ಸರಿಸಿ, ಎಡಗಾಲಿನ ಕೆಳಗೆ ಬೆರಳು ತೂರಿಸಲು ನೋಡಿದ. ಬೆರಳು ಹೋಗಲಿಲ್ಲ. ಬಲಗಾಲಿನ ಕೆಳಗೆ ನೋಡಿದ. ಅಲ್ಲೂ ಹೋಗಲಿಲ್ಲ. ಮತ್ತೆ ಎಡಗಾಲಿಗೆ ಬಂದ. ಹಿಮ್ಮಡಿಯ ಸುತ್ತ ಮಣ್ಣನ್ನು ಕೈಯಿಂದ ಸವರಿದ, ಬರೀ ನೆಲ.

ಎದ್ದು ನಿಂತು, ಡಾಕ್ಟರು ಹೇಳುತ್ತಿದ್ದ ಮಾತನ್ನು ತಾನೇ ಹೇಳಿದ. "ಬಗ್ಗವ್ವ. ಕೈ ಜೋತು ಬುಡು."

ದಾಕ್ಷಿ ಬಗ್ಗಿದಳು. ಬೆನ್ನು ಎರಡೂ ಪಕ್ಕ ಒಂದೇ ಸಮ, ಗುಡಿಯ ಮುಂದಿನ ಹಾಸುಗಲ್ಲಿನ ಹಾಗಿತ್ತು. ಮರಿಬಸಪ್ಪ ಅದರ ಮೇಲೆ ಒಮ್ಮೆ ಅಂಗೈ ಇಟ್ಟ. ಸರಸರನೆ ಒಳಗೆ ಹೋದ. ಗಗ್ಗರದ ಸದ್ದಿನ ಜೊತೆ, ಕಲಿಯುವವರ ಚಿಕ್ಕ ನಂದಿಕಂಬವನ್ನೂ ತನ್ನ ಹಳೇ ದಟ್ಟಿಯನ್ನೂ ಹೊತ್ತು ಹೊರಗೆ ಬಂದ. ಆಗ ಊರಿಗೆ ಅರ್ಥವಾಯಿತು. ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ಕೇಳಿಸದಷ್ಟು ಗದ್ದಲವಾಯಿತು.

ಜಗಲಿಯ ಮೇಲೆ ಫೋನು ಒಂದೇ ಸಮನೆ ಬಡಕೊಳ್ಳುತ್ತಿತ್ತು. "ಹಲೋ? ಹಲೋ! ಏನು ಗಲಾಟೆ ಅಲ್ಲಿ? ಅವಳ ಕಾಲಡಿ ಏನಿದೆ? ಯಾರಿಟ್ಟದ್ದು, ಹೇಳಿ!"

ಸಿದ್ದಮಲ್ಲಮ್ಮ ಕಣ್ಣೊರೆಸಿಕೊಂಡು ಅದನ್ನು ಎತ್ತಿಕೊಂಡಳು.

"ಭೂಮ್ತಾಯಿ ಕಣಪ್ಪ," ಅಂದಳು. "ಅವಳೇ ಬಂದು ಕೊಟ್ಟವ್ಳೆ. ಬಂದು ತೆಗೆಸ್ತೀಯಾ?"